ಸಸ್ಯವರಣವೂ ದೇಶಗುಣವೂ: ರೋಡೋಡೆಂಡ್ರಾನ್ ಗಿಡದ ಚರಿತ್ರೆಯಿಂದ ಒಂದು ವಿಚಾರ

1. ಪೀಠಿಕೆ

ಯಾವ ನೆಲಕ್ಕೆ ಯಾವ ಗಿಡವು ತಕ್ಕುದೆಂಬ ವಿಚಾರವು ನಮ್ಮ ಶಾಸ್ತ್ರಕಾರರಿಗೆ ಹೊಸತಲ್ಲ. ಚರಕಸಂಹಿತೆಯ ಕಲ್ಪಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ದೇಶವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಭಾಗಿಸಿ, ಆಯಾ ದೇಶದಲ್ಲಿ ಬೆಳೆಯುವ ವೃಕ್ಷಗಳನ್ನು ಹೆಸರಿಸಿದೆ. ಸುರಪಾಲನ ವೃಕ್ಷಾಯುರ್ವೇದವು ಇದೇ ವಿಭಾಗವನ್ನು ತೋಟಗಾರನ ಉಪಯೋಗಕ್ಕೆ ಹೊಂದಿಸಿಕೊಂಡು, ಹಲಸು, ತೆಂಗು, ಬಾಳೆ, ಕೇದಗೆ ಮೊದಲಾದವುಗಳನ್ನು ನೀರಾಸರೆಯುಳ್ಳ ಆನೂಪಕ್ಕೆ ಸೇರಿಸುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಮೃದುವಾದ ಮಣ್ಣಿನ ಗುಣವನ್ನೂ ನೆಡುವ ಋತುವನ್ನೂ ವಿವರಿಸಿರುವನು. ಕನ್ನಡದಲ್ಲಿಯೂ ಚಾವುಂಡರಾಯನು ಕ್ರಿ. ಶ. 1025ರ ಸುಮಾರಿನಲ್ಲಿ ರಚಿಸಿದ ಲೋಕೋಪಕಾರವು ವೃಕ್ಷಾಯುರ್ವೇದವನ್ನು ಲೋಕಕ್ಕೆ ಉಪಕಾರಕವಾದ ವಿದ್ಯೆಗಳಲ್ಲಿ ಒಂದಾಗಿ ಎಣಿಸಿದೆ.

ಆದರೆ ಈ ಗ್ರಂಥಗಳು ಹೇಳುವ ಗಿಡಗಳಲ್ಲಿ ಬಹುಪಾಲು ಜನರ ಬಹುಕಾಲದ ಬಳಕೆಯಿಂದ ಗುಣವು ಗೊತ್ತಾಗಿದ್ದವು. ಎಂದೂ ಕಾಣದ ಗಿಡವೊಂದು ಸಮುದ್ರವನ್ನು ದಾಟಿ ಬಂದಾಗ, ಅದು ಈ ನೆಲದಲ್ಲಿ ಬದುಕುವುದೋ ಬದುಕದೋ ಎಂಬುದನ್ನು ಯಾವ ಪ್ರಮಾಣದಿಂದ ನಿಶ್ಚಯಿಸಬೇಕು? ಈ ಪ್ರಶ್ನೆಗೆ ಕಳೆದ ಮೂರೂವರೆ ಶತಮಾನಗಳಲ್ಲಿ ದೊರೆತ ಉತ್ತರಗಳನ್ನು ತಿಳಿಯುವುದಕ್ಕೆ ರೋಡೋಡೆಂಡ್ರಾನಿನ ಚರಿತ್ರೆಗಿಂತ ಉತ್ತಮವಾದ ಸಾಧನವು ವಿರಳ. ಈ ಗಿಡವನ್ನು ಬಯಸಿದವರು ಬಹುಮಂದಿ. ಅದಕ್ಕಾಗಿ ಹಣವನ್ನೂ ಶ್ರಮವನ್ನೂ ವ್ಯಯಮಾಡಿದವರೂ ಬಹುಮಂದಿ. ಗಿಡವು ಸತ್ತುದರಿಂದ ಪಾಠ ಕಲಿತವರು ಇರುವಂತೆಯೇ, ಗಿಡವು ಮಿತಿಮೀರಿ ಬದುಕಿದುದರಿಂದ ಪಾಠ ಕಲಿಯಬೇಕಾಗಿ ಬಂದವರೂ ಇರುವರು.

ಇಲ್ಲಿ ಗಿಡದ ಪರಿಚಯವನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ರೋಡೋಡೆಂಡ್ರಾನ್ ಎಂಬುದು ಗ್ರೀಕ್ ಶಬ್ದ. ‘ರೋಡಾನ್’ ಎಂದರೆ ಗುಲಾಬಿ, ‘ಡೆಂಡ್ರಾನ್’ ಎಂದರೆ ಮರ. ಸ್ವೀಡನ್ ದೇಶದ ಲಿನೇಯಸನು 1753ರಲ್ಲಿ ಈ ಹೆಸರನ್ನು ಕುಲನಾಮವಾಗಿ ಸ್ಥಿರಪಡಿಸಿದನು. ಈಗ ಈ ಕುಲದಲ್ಲಿ ಸಾವಿರಕ್ಕೆ ಮೀರಿದ ಜಾತಿಗಳು ಎಣಿಕೆಗೆ ಬಂದಿರುತ್ತವೆ. ಪೂರ್ವಹಿಮಾಲಯ, ಚೀನದ ನೈಋತ್ಯಭಾಗದ ಪರ್ವತಗಳು, ಬೋರ್ನಿಯೋ ಮತ್ತು ನ್ಯೂಗಿನಿ ಮೊದಲಾದ ದ್ವೀಪಗಳ ಎತ್ತರದ ಪ್ರದೇಶಗಳು ಇದರ ಮುಖ್ಯ ನೆಲೆಗಳು. ಗಢವಾಳ, ಕುಮಾವೂನ್ ಪ್ರಾಂತಗಳಲ್ಲಿ ಇದರ ಕೆಂಪುಹೂವಿನ ಜಾತಿಗೆ ‘ಬುರಾಂಶ್’ ಎಂದೂ ನೇಪಾಳದಲ್ಲಿ ‘ಲಾಲಿ ಗುರಾಂಸ್’ ಎಂದೂ ಹೆಸರು. ಅದು ನೇಪಾಳದ ರಾಷ್ಟ್ರಪುಷ್ಪ; ಉತ್ತರಾಖಂಡದ ರಾಜ್ಯವೃಕ್ಷ. ಮೇಲ್ಮಟ್ಟದಲ್ಲಿಯೇ ಹೆಣೆದುಕೊಂಡು ಹರಡುವ ಎಳೆಬೇರು, ಹುಳಿಗುಣದ ಸಡಿಲವಾದ ಮಣ್ಣಿನ ಅಪೇಕ್ಷೆ, ಸುಣ್ಣದ ಅಂಶವನ್ನು ಸಹಿಸದಿರುವುದು, ಬೇರು ಒಣಗಿದರೂ ನೀರು ನಿಂತರೂ ಬಾಡುವುದು—ಇವು ಈ ಕುಲದ ಬಹುತೇಕ ಜಾತಿಗಳಿಗೆ ಸಾಮಾನ್ಯವಾದ ಲಕ್ಷಣಗಳು. ಇವುಗಳಲ್ಲಿ ಯಾವೊಂದನ್ನು ಮರೆತರೂ ಮುಂದೆ ಹೇಳುವ ವೃತ್ತಾಂತದ ಅರ್ಥವು ಸ್ಪಷ್ಟವಾಗದು.

2. ಮೊದಲನೆಯ ವರಣ: ಬಂದುದನ್ನು ನೆಟ್ಟ ಕಾಲ

ಇಂಗ್ಲೆಂಡಿಗೆ ಮೊದಲು ಬಂದುದು ಆಲ್ಪ್ಸ್ ಪರ್ವತದ ಕಿರುಪೊದೆಯಾದ ಹಿರ್ಸುಟಂ ಜಾತಿ. ಇದು 1656ರ ವೇಳೆಗೆ ಅಲ್ಲಿಯ ತೋಟದಲ್ಲಿದ್ದಿತು. ಉತ್ತರ ಅಮೆರಿಕದ ಮ್ಯಾಕ್ಸಿಮಂ ಎಂಬುದು 1736ರಲ್ಲಿ ಬಂದಿತು. 1763ರಲ್ಲಿ ಪೊಂಟಿಕಂ ಎಂಬ ಜಾತಿಯು ಬಂದಿತು. ಕೃಷ್ಣಸಮುದ್ರದ ದಕ್ಷಿಣತೀರದ ಪೊಂಟಸ್ ಎಂಬ ಪ್ರಾಚೀನದೇಶದ ಹೆಸರಿನಿಂದ ಲಿನೇಯಸನು ಅದನ್ನು ಕರೆದಿದ್ದರೂ, ಬ್ರಿಟನ್ನಿಗೆ ಮೊದಲು ಬಂದ ಗಿಡಗಳು ಸ್ಪೇನಿನ ದಕ್ಷಿಣದ ಜಿಬ್ರಾಲ್ಟರ್ ಕಡೆಯವು. 1809ರಲ್ಲಿ ಜಾನ್ ಫ್ರೇಸರನು ಅಮೆರಿಕದ ಆಗ್ನೇಯಭಾಗದ ಬೆಟ್ಟಗಳಿಂದ ಕಟಾಬಿಯೆನ್ಸ್ ಎಂಬ ಜಾತಿಯನ್ನು ತಂದನು.

ಈ ಕಾಲದಲ್ಲಿ ವರಣವೆಂಬುದು ಹೆಸರಿಗೆ ಮಾತ್ರ ಇದ್ದಿತು. ಹಡಗಿನಲ್ಲಿ ಯಾವುದು ಬಂದಿತೋ ಅದನ್ನು ನೆಡುತ್ತಿದ್ದರು. ದೈವವಶದಿಂದ ಇವೆಲ್ಲವೂ ಬ್ರಿಟನ್ನಿನ ಚಳಿಯನ್ನು ಸಹಿಸಬಲ್ಲ ಗಿಡಗಳಾಗಿದ್ದವು. ಅವುಗಳಲ್ಲಿಯೂ ಪೊಂಟಿಕಮ್ಮು ಎಲ್ಲಕ್ಕಿಂತ ಸುಲಭವಾಗಿ ಬೆಳೆಯಿತು. ನೆರಳಿನಲ್ಲಿ ಬೆಳೆಯಿತು, ಬಿಸಿಲಿನಲ್ಲಿಯೂ ಬೆಳೆಯಿತು. ಬೀಜದಿಂದಲೂ, ನೆಲಕ್ಕೆ ಬಾಗಿದ ಕೊಂಬೆ ಬೇರೂರುವುದರಿಂದಲೂ ವೃದ್ಧಿಹೊಂದಿತು. ಆದಕಾರಣ ಇದಕ್ಕಿಂತ ಈ ದೇಶಕ್ಕೆ ತಕ್ಕ ಗಿಡವಿಲ್ಲವೆಂದು ಭೂಸ್ವಾಮಿಗಳು ಭಾವಿಸಿದರು. ಬೇಟೆಯ ಹಕ್ಕಿಗಳಿಗೆ ಮರೆಯಾಗಲೆಂದು ಅರಣ್ಯಗಳ ಒಳಗೂ ನೆಡಿಸಿದರು. ನರ್ಸರಿಯವರು ಬೇರೆ ನಾಜೂಕಾದ ಜಾತಿಗಳನ್ನು ಇದರ ಬುಡಕ್ಕೆ ಕಸಿಮಾಡಿ ಮಾರಿದರು. ಈ ಭಾವನೆಯ ಪರಿಣಾಮವನ್ನು ಮುಂದೆ ನೋಡಬಹುದು.

3. ಆರ್ಬೋರಿಯಮ್ಮಿನ ಪ್ರವೇಶ

ಹಿಮಾಲಯದ ಕೆಂಪು ಹೂವಿನ ಮರವನ್ನು ಯೂರೋಪಿಯನರ ಗಮನಕ್ಕೆ ತಂದವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿಯಾಗಿದ್ದ ಥಾಮಸ್ ಹಾರ್ಡ್‌ವಿಕ್. ಇವನು 1796ರಲ್ಲಿ ಗಢವಾಳದ ಶ್ರೀನಗರಕ್ಕೆ ಪ್ರಯಾಣಮಾಡಿ, ಆ ಪ್ರಯಾಣದ ವೃತ್ತಾಂತವನ್ನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಪ್ರಬಂಧಮಾಲೆಯಲ್ಲಿ ಪ್ರಕಟಿಸಿದನು. 1805ರಲ್ಲಿ ಸ್ಮಿತ್ ಎಂಬ ಸಸ್ಯಶಾಸ್ತ್ರಜ್ಞನು ಆ ಮರಕ್ಕೆ ಆರ್ಬೋರಿಯಂ ಎಂದು, ಎಂದರೆ ಮರದಂತಿರುವುದೆಂದು, ಹೆಸರಿಟ್ಟನು. ಇಂಗ್ಲೆಂಡಿನಲ್ಲಿ ಅದು ಮೊದಲು ಹೂಬಿಟ್ಟುದು 1825ರಲ್ಲಿ, ಹ್ಯಾಂಪ್‌ಷೈರಿನ ಗ್ರೇಂಜ್ ಎಂಬ ಎಸ್ಟೇಟಿನ ಗಾಜಿನ ಮನೆಯಲ್ಲಿ. ಅಂತಹ ರಕ್ತವರ್ಣವನ್ನು ಅದುವರೆಗೆ ಅಲ್ಲಿಯವರು ಯಾವ ರೋಡೋಡೆಂಡ್ರಾನಿನಲ್ಲಿಯೂ ಕಂಡಿರಲಿಲ್ಲ.

ಇಲ್ಲಿಂದಲೇ ವರಣದ ನಿಜವಾದ ಸಮಸ್ಯೆ ಆರಂಭವಾಯಿತು. ಹಿಮಾಲಯವೆಂದರೆ ಹಿಮದ ಆಲಯ. ಅಲ್ಲಿಯ ಮರಕ್ಕೆ ಇಂಗ್ಲೆಂಡಿನ ಚಳಿಯು ಲೆಕ್ಕವಲ್ಲವೆಂಬುದು ಶಬ್ದಾರ್ಥದಿಂದ ಹೊರಡುವ ಊಹೆ. ಆದರೆ ಬಯಲಿನಲ್ಲಿ ನೆಟ್ಟ ಆರ್ಬೋರಿಯಂ ಗಿಡಗಳು ಇಂಗ್ಲೆಂಡಿನ ಬಹುಭಾಗದಲ್ಲಿ ಬಾಳಲಿಲ್ಲ. ಬಾಳಿದವೂ ಚಳಿಗಾಲದ ಕೊನೆಯಲ್ಲಿಯೇ ಹೂಬಿಡುತ್ತಿದ್ದುದರಿಂದ, ಇಬ್ಬನಿ ಹೆಪ್ಪುಗಟ್ಟುವ ಒಂದೇ ರಾತ್ರಿಯಲ್ಲಿ ಹೂಗಳೆಲ್ಲ ಕಂದಿಹೋಗುತ್ತಿದ್ದವು. ಇದಕ್ಕೆ ಕಾರಣವೇನೆಂದರೆ—ಗಿಡಕ್ಕೆ ಚಳಿಯನ್ನು ಸಹಿಸುವ ಶಕ್ತಿ ಎಂಬುದು ಒಂದೇ ಗುಣವಲ್ಲ. ನಡುಚಳಿಗಾಲದ ಕಡುಚಳಿಯನ್ನು ಸಹಿಸುವುದು ಒಂದು; ಯಾವಾಗ ಎಚ್ಚರಗೊಂಡು ಚಿಗುರಬೇಕು, ಯಾವಾಗ ಹೂಬಿಡಬೇಕು ಎಂಬುದು ಇನ್ನೊಂದು. ಹಿಮಾಲಯದಲ್ಲಿ ಬೇಸಗೆಯು ನಡುವೆ ಹಿಂದೆಗೆಯದೆ ಕ್ರಮವಾಗಿ ಬರುತ್ತದೆ. ಇಂಗ್ಲೆಂಡಿನಲ್ಲಿ ಫೆಬ್ರವರಿಯ ಕೆಲವು ಬೆಚ್ಚನೆಯ ದಿನಗಳು ಗಿಡವನ್ನು ಎಬ್ಬಿಸಿ, ಮಾರ್ಚಿ ತಿಂಗಳ ಚಳಿಗೆ ಒಪ್ಪಿಸಿಬಿಡುತ್ತವೆ.

ಗಿಡವನ್ನು ನೆಲಕ್ಕೆ ಹೊಂದಿಸಲಾಗದಿದ್ದರೆ ಗಿಡವನ್ನೇ ಬದಲಾಯಿಸಬೇಕೆಂಬುದು ಆ ಕಾಲದ ತೋಟಗಾರರ ಯುಕ್ತಿ. 1826ರಲ್ಲಿ ಹೈಕ್ಲೇರ್ ಎಂಬಲ್ಲಿ ಗ್ರೇಂಜಿನ ಆರ್ಬೋರಿಯಮ್ಮಿನ ಪರಾಗವನ್ನು ಕಟಾಬಿಯೆನ್ಸ್ ಮತ್ತು ಪೊಂಟಿಕಂಗಳ ಸಂಕರದ ಹೂವಿಗೆ ಸೋಂಕಿಸಿದರು. ಆ ಬೀಜದಿಂದ ಬೆಳೆದ ಗಿಡಗಳು 1831ರಲ್ಲಿ ಹೂಬಿಟ್ಟವು. ತಂದೆಯ ಕೆಂಪು, ತಾಯಿಯ ಚಳಿಸಹಿಷ್ಣುತೆ, ಎರಡಕ್ಕೂ ನಡುವಣ ಹೂಬಿಡುವ ಕಾಲ—ಇವು ಸಂತಾನದಲ್ಲಿ ಕೂಡಿಬಂದವು. ಅದಕ್ಕೆ ಆಲ್ಟಾಕ್ಲೇರೆನ್ಸ್ ಎಂದು ಹೆಸರಾಯಿತು. ಸಂಕರಶಾಸ್ತ್ರದ ತತ್ತ್ವಗಳು ಪ್ರಕಟವಾಗುವುದಕ್ಕೆ ಬಹುಕಾಲ ಮೊದಲೇ ಹೀಗೆ ತೋಟದ ಪರೀಕ್ಷೆಯಿಂದ ಒಂದು ಮಾರ್ಗವು ಸಿದ್ಧವಾಯಿತು.

4. ಹೂಕರನ ಸಿಕ್ಕಿಂ ಪ್ರಯಾಣ

ದೇಶಗುಣದ ಜ್ಞಾನವನ್ನು ಊಹೆಯಿಂದ ಪ್ರತ್ಯಕ್ಷಕ್ಕೆ ತಂದವನು ಜೋಸೆಫ್ ಡಾಲ್ಟನ್ ಹೂಕರ್. ಇವನು 1848ರ ಏಪ್ರಿಲಿನಲ್ಲಿ ಡಾರ್ಜಿಲಿಂಗನ್ನು ಸೇರಿ, ಅಲ್ಲಿಂದ ಪೂರ್ವನೇಪಾಳ ಮತ್ತು ಸಿಕ್ಕಿಂ ಪ್ರದೇಶಗಳಲ್ಲಿ ಸಂಚರಿಸಿದನು. 1849ರ ಕೊನೆಯಲ್ಲಿ ಸಿಕ್ಕಿಮಿನ ದಿವಾನನ ಕಡೆಯವರು ಇವನನ್ನೂ ಡಾರ್ಜಿಲಿಂಗಿನ ಅಧಿಕಾರಿಯಾಗಿದ್ದ ಕ್ಯಾಂಪ್‌ಬೆಲನನ್ನೂ ಕೆಲವು ವಾರಗಳ ಕಾಲ ಸೆರೆಯಲ್ಲಿರಿಸಿದರು. ಇವನು ಕಳುಹಿದ ವರ್ಣನೆಗಳಿಂದಲೂ ಚಿತ್ರಗಳಿಂದಲೂ ಸಿಕ್ಕಿಂ ಹಿಮಾಲಯದ ರೋಡೋಡೆಂಡ್ರಾನುಗಳನ್ನು ಕುರಿತ ಗ್ರಂಥವು 1849ರಿಂದ 1851ರ ಒಳಗೆ ಲಂಡನ್ನಿನಲ್ಲಿ ಪ್ರಕಟವಾಯಿತು. ಇವನ ತಂದೆಯಾದ ವಿಲಿಯಂ ಹೂಕರನು ಅದನ್ನು ಸಂಪಾದಿಸಿದನು; ಫಿಚ್ ಎಂಬ ಚಿತ್ರಕಾರನು ಅದಕ್ಕೆ 30 ಚಿತ್ರಫಲಕಗಳನ್ನು ಸಿದ್ಧಪಡಿಸಿದನು.

ಈ ಪ್ರಯಾಣದಿಂದ ಹೊರಬಂದ ಮುಖ್ಯವಾದ ತತ್ತ್ವವು ಇದು: ಹಿಮಾಲಯವೆಂಬುದು ಒಂದು ದೇಶವಲ್ಲ, ಒಂದರ ಮೇಲೊಂದು ಇರಿಸಿದ ಅನೇಕ ದೇಶಗಳು. ಸುಮಾರು 7,000 ಅಡಿಯ ಎತ್ತರದ ತೇವದ ಕಾಡಿನಲ್ಲಿ ಮರದ ಕೊಂಬೆಗಳ ಮೇಲೆ ಬಂದಳಿಕೆಯಂತೆ ಕುಳಿತು, ಬಿಳಿಯ ದೊಡ್ಡ ಹೂಗಳನ್ನು ಬಿಡುವ ಡಾಲ್ಹೌಸಿಯೇ ಎಂಬ ಜಾತಿಯುಂಟು. ಅದು ಮರದಿಂದ ಆಹಾರವನ್ನು ಹೀರದೆ ಆಸರೆಯನ್ನು ಮಾತ್ರ ಪಡೆಯುತ್ತದೆ. ಅದರಿಂದ ಮೇಲಕ್ಕೆ ಹೋದಂತೆ ಫಾಲ್ಕೊನೆರಿ, ಥಾಮ್ಸೊನಿ, ಕ್ಯಾಂಪಿಲೊಕಾರ್ಪಂ ಮುಂತಾದ ಜಾತಿಗಳು. ಕಡೆಗೆ ಸುಮಾರು 18,000 ಅಡಿಯವರೆಗೂ ನೆಲಕ್ಕೆ ಅಂಟಿಕೊಂಡು ಬದುಕುವ ನಿವಾಲೆ ಎಂಬ ಗೇಣೆತ್ತರದ ಪೊದೆ. ಇವೆಲ್ಲವೂ ಸಿಕ್ಕಿಮಿನ ಗಿಡಗಳೇ. ಆದರೆ ಮೊದಲನೆಯದನ್ನು ಹೊರಗಿಟ್ಟರೆ ಚಳಿಗೆ ಸಾಯುತ್ತದೆ, ಕಡೆಯದನ್ನು ಒಳಗಿಟ್ಟರೆ ಸೆಕೆಗೆ ಸಾಯುತ್ತದೆ.

ಈ ವಿವೇಕವು ತೋಟಗಾರರಿಗೆ ಒಮ್ಮೆಗೇ ಬರಲಿಲ್ಲ. ಕೆಲವರು ಹೂಕರನ ಬೀಜದ ಗಿಡಗಳನ್ನೆಲ್ಲ ಗಾಜಿನ ಮನೆಯಲ್ಲಿ ಬೇಯಿಸಿದರು. ಕೆಲವರು ಎಲ್ಲವನ್ನೂ ಬಯಲಿಗೆ ಒಡ್ಡಿದರು. ಅನುಭವದಿಂದ ತಿಳಿದುಬಂದುದೇನೆಂದರೆ, ಕಾರ್ನ್‌ವಾಲ್ ಪ್ರಾಂತ ಮತ್ತು ಸ್ಕಾಟ್ಲೆಂಡಿನ ಪಶ್ಚಿಮತೀರಗಳಲ್ಲಿ ಇವು ಸ್ವದೇಶದಲ್ಲಿದ್ದಂತೆಯೇ ಬೆಳೆದವು. ಕಾರ್ನ್‌ವಾಲಿನ ಹೆಲಿಗನ್, ಆರ್ಗೈಲಿನ ಸ್ಟೋನ್‌ಫೀಲ್ಡ್ ಮುಂತಾದ ತೋಟಗಳು ಈ ಕಾರಣದಿಂದಲೇ ಪ್ರಸಿದ್ಧವಾದವು. ಆರ್ಗೈಲ್ ಪ್ರಾಂತವು ಲಂಡನ್ನಿಗಿಂತ ಬಹು ಉತ್ತರಕ್ಕಿದೆ. ಉತ್ತರಕ್ಕೆ ಹೋದಂತೆ ಚಳಿ ಹೆಚ್ಚಬೇಕಾದುದು ಸಾಮಾನ್ಯನ್ಯಾಯ. ಆದರೆ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ಆ ತೀರದ ಚಳಿಗಾಲವನ್ನು ಸೌಮ್ಯಗೊಳಿಸುತ್ತದೆ, ಪಡುವಣ ಗಾಳಿಯು ಸದಾ ಮಳೆಯನ್ನು ತರುತ್ತದೆ, ಬೇಸಗೆಯು ತಂಪಾಗಿರುತ್ತದೆ. ಇದೇ ಸಿಕ್ಕಿಮಿನ ನಡುಮಟ್ಟದ ಮೋಡದ ಕಾಡುಗಳಿಗೆ ಸದೃಶವಾದ ಸ್ಥಿತಿ. ಅಕ್ಷಾಂಶವು ದೇಶವಲ್ಲ, ತೇವ, ಗಾಳಿ, ಋತುಕ್ರಮಗಳ ಸಮುದಾಯವೇ ದೇಶ ಎಂಬುದು ಇದರಿಂದ ಸಿದ್ಧವಾಯಿತು.

ಇದರೊಡನೆ ಮತ್ತೊಂದು ಸೂಕ್ಷ್ಮವೂ ಬೆಳಕಿಗೆ ಬಂದಿತು. ಒಂದೇ ಜಾತಿಯಲ್ಲಿಯೂ ಬೀಜವನ್ನು ಆಯ್ದ ಎತ್ತರಕ್ಕೆ ತಕ್ಕಂತೆ ಗುಣವು ಭೇದಿಸುತ್ತದೆ. ಆರ್ಬೋರಿಯಮ್ಮಿನಲ್ಲಿಯೇ, ಕೆಳಗಿನ ಇಳಿಜಾರಿನ ಕಡುಗೆಂಪು ಹೂವಿನ ಗಿಡಗಳು ಚಳಿಗೆ ಅಂಜುವುವು; ಮೇಲಿನ ಮಟ್ಟದ ನಸುಗೆಂಪು, ಬಿಳಿ ಹೂವಿನವು ಹೆಚ್ಚು ಗಟ್ಟಿಗವು. ಹೂವಿನ ಬಣ್ಣಕ್ಕಾಗಿ ಆಸೆಪಟ್ಟು ಕೆಂಪನ್ನೇ ಆಯ್ದುಕೊಂಡವನು ಅರಿಯದೆ ನಾಜೂಕನ್ನೂ ಆಯ್ದುಕೊಂಡನು. ಆದುದರಿಂದ ಗಿಡದ ಹೆಸರನ್ನು ಕೇಳಿದರೆ ಸಾಲದು. ಬೀಜವು ಯಾವ ಬೆಟ್ಟದ ಯಾವ ಮಟ್ಟದ್ದೆಂಬುದನ್ನೂ ಕೇಳಬೇಕು. ಕುಲವನ್ನು ಮಾತ್ರ ಹೇಳಿ ಶಾಖೆಯನ್ನು ಹೇಳದ ವಂಶಾವಳಿಯಂತೆ, ಎತ್ತರವನ್ನು ಬರೆಯದ ಬೀಜದ ಪೊಟ್ಟಣವು ಅಪೂರ್ಣವಾದುದು.

5. ಅನ್ಯದೇಶಗಳಲ್ಲಿ ಪರೀಕ್ಷೆ

ಬ್ರಿಟನ್ನಿನಲ್ಲಿ ನಿಂತ ಸಿದ್ಧಾಂತವು ಅಮೆರಿಕದಲ್ಲಿ ನಿಲ್ಲಲಿಲ್ಲ. ಬಾಸ್ಟನ್ ನಗರವು ಕಾರ್ನ್‌ವಾಲಿಗಿಂತ ದಕ್ಷಿಣದ ಅಕ್ಷಾಂಶದಲ್ಲಿದ್ದರೂ ಅಲ್ಲಿಯ ಚಳಿಯು ಶೂನ್ಯಕ್ಕಿಂತ 20 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಕ್ಕೆ ಇಳಿಯುವುದುಂಟು. ಬೇಸಗೆಯಲ್ಲಿ ಸೆಕೆಯೂ ಹೆಚ್ಚು. ನೆಲವು ಹೆಪ್ಪುಗಟ್ಟಿದಾಗ ಬೇರು ನೀರನ್ನು ಹೀರಲಾರದು. ಆದರೆ ನಿತ್ಯಹಸುರಿನ ಎಲೆಯಿಂದ ಬಿಸಿಲೂ ಗಾಳಿಯೂ ನೀರನ್ನು ಸೆಳೆಯುತ್ತಲೇ ಇರುವುವು. ಹೀಗಾಗಿ ಗಿಡವು ಹಿಮದ ನಡುವೆ ನೀರಡಿಸಿ ಸಾಯುತ್ತದೆ. ಮ್ಯಾಕ್ಸಿಮಂ, ಕಟಾಬಿಯೆನ್ಸ್ ಮುಂತಾದ ಆ ದೇಶದ ಜಾತಿಗಳಲ್ಲಿ ಚಳಿಯು ಹೆಚ್ಚಿದಂತೆ ಎಲೆಗಳು ಕೆಳಕ್ಕೆ ಜೋತು ಕೊಳವೆಯಂತೆ ಸುರುಳಿಯಾಗುವುವು; ಚಳಿಯು ಇಳಿದೊಡನೆ ಬಿಚ್ಚಿಕೊಳ್ಳುವುವು. ಇದು ಆ ಗಿಡಗಳು ತಮ್ಮ ದೇಶದಿಂದ ಕಲಿತ ಆತ್ಮರಕ್ಷೆಯೆಂದು ಹೇಳಬಹುದು.

ಆದಕಾರಣ ಅಮೆರಿಕದ ಈಶಾನ್ಯಭಾಗದವರಿಗೆ ಕಟಾಬಿಯೆನ್ಸ್ ರಕ್ತವುಳ್ಳ ಸಂಕರಗಳೇ ಗತಿಯಾದವು. ವಿಚಿತ್ರವೇನೆಂದರೆ, ಆ ಗಿಡವು ಅವರದೇ ದೇಶದ್ದಾಗಿದ್ದರೂ, ಅದರ ಸಂಕರಗಳು ಇಂಗ್ಲೆಂಡಿನ ನ್ಯಾಪ್ ಹಿಲ್ ಮುಂತಾದ ನರ್ಸರಿಗಳಲ್ಲಿ ಸಂಸ್ಕಾರಹೊಂದಿ ಮರಳಿ ಬರಬೇಕಾಯಿತು. ಬಾಸ್ಟನ್ನಿನ ಹತ್ತಿರದ ವೆಲೆಸ್ಲಿಯಲ್ಲಿ ಹನ್ನಿವೆಲ್ ಎಂಬ ಧನಿಕನು ಇವುಗಳನ್ನು ಬೆಳೆಸಿ, 1873ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ಬಯಲಿನಲ್ಲಿ ಡೇರೆಯ ಕೆಳಗೆ ಪ್ರದರ್ಶನ ಮಾಡಿಸಿದನು. ಅನಂತರ ಚೀನದ ಪೂರ್ವಭಾಗದ ಬೆಟ್ಟಗಳಿಂದ ರಾಬರ್ಟ್ ಫಾರ್ಚೂನನು 1850ರ ದಶಕದಲ್ಲಿ ಕಳುಹಿದ್ದ ಫಾರ್ಚೂನಿಯೈ ಎಂಬ ಪರಿಮಳದ ಜಾತಿಯು ಇಲ್ಲಿಯ ಸೆಕೆಗೂ ಚಳಿಗೂ ಹೊಂದಿತು. ಚಾರ್ಲ್ಸ್ ಡೆಕ್ಸ್ಟರನು 1920ರ ದಶಕದಿಂದ ಮ್ಯಾಸಚೂಸೆಟ್ಸಿನ ಸ್ಯಾಂಡ್‌ವಿಚ್ ಎಂಬಲ್ಲಿ ಅದರಿಂದ ಬೆಳೆಸಿದ ಸಂಕರಗಳು ಪ್ರಸಿದ್ಧವಾಗಿವೆ. ಎರಡೂ ಮಹಾಖಂಡಗಳ ಪೂರ್ವತೀರದಲ್ಲಿ ಸೆಕೆಯ ಬೇಸಗೆ, ಕಡುಚಳಿಗಾಲ, ಬೇಸಗೆಯ ಮಳೆ—ಈ ಮೂರೂ ಒಂದಕ್ಕೊಂದು ಹೋಲುವುದೇ ಇದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ಮಹಾಕೀರ್ತಿಯನ್ನು ಪಡೆದ ಸಿಕ್ಕಿಮಿನ ಗ್ರಿಫಿಥಿಯಾನಂ ಜಾತಿಯ ನೇರ ಸಂತತಿಯು ಅಲ್ಲಿ ಬಾಳಲಾರದು.

ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಸೈಡೆಲ್ ಎಂಬ ತೋಟಗಾರನು ಇನ್ನೂ ಕಠಿನವಾದ ಮಾರ್ಗವನ್ನು ಹಿಡಿದನು. ಕಟಾಬಿಯೆನ್ಸನ್ನು, 1886ರಲ್ಲಿ ಕಾಕಸಸ್ ಕಡೆಯಿಂದ ಬಂದ ಸ್ಮಿರ್ನೋವಿಯೈ ಎಂಬ ದಪ್ಪರೋಮದ ಎಲೆಯ ಜಾತಿಯೊಡನೆ ಸಂಕರಿಸಿ, ಸಸಿಗಳನ್ನು ಯಾವ ಹೊದಿಕೆಯೂ ಇಲ್ಲದೆ ಬಯಲಿಗೆ ಒಡ್ಡಿ, ಉಳಿದವುಗಳನ್ನು ಮಾತ್ರ ಸ್ವೀಕರಿಸಿದನು. ಫಿನ್ಲೆಂಡಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದವರು 1973ರಲ್ಲಿ ಆರಂಭಿಸಿದ ಕಾರ್ಯವು ಇದರ ಪರಮಾವಧಿ. 1902ರಲ್ಲಿ ಸ್ಥಾಪಿತವಾದ ಮುಸ್ಟಿಲಾ ಎಂಬ ವೃಕ್ಷೋದ್ಯಾನದಲ್ಲಿ ಕೊರಿಯದ ಬೀಜದಿಂದ ಬೆಳೆದಿದ್ದ ಬ್ರಾಕಿಕಾರ್ಪಂ ಜಾತಿಯ ಒಂದು ಉಪಜಾತಿಯನ್ನು ತಾಯಿಯಾಗಿ ಆರಿಸಿಕೊಂಡು, ಸಾವಿರಾರು ಸಸಿಗಳನ್ನು ಬೆಳೆಸಿದರು. 1980ರ ದಶಕದ ಘೋರವಾದ ಚಳಿಗಾಲಗಳು ಆ ಸಸಿಗಳನ್ನು ಪರೀಕ್ಷಿಸಿದವು. ಉಳಿದವುಗಳಿಂದ ಶೂನ್ಯಕ್ಕಿಂತ 30 ಡಿಗ್ರಿಗೂ ಕೆಳಗಿನ ಚಳಿಯನ್ನು ಸಹಿಸುವ ತಳಿಗಳು ದೊರೆತವು. ಇಲ್ಲಿ ಆರಿಸಿದವನು ಮನುಷ್ಯನೆನ್ನುವುದಕ್ಕಿಂತ ಋತುವೇ ಆರಿಸಿತೆನ್ನುವುದು ಯುಕ್ತ.

ಈ ಅನುಭವಗಳ ಫಲವಾಗಿ ವರಣಕ್ಕೆ ಒಂದು ಪರಿಭಾಷೆಯೂ ಹುಟ್ಟಿತು. 1927ರಲ್ಲಿ ಬಾಸ್ಟನ್ನಿನ ಆರ್ನಾಲ್ಡ್ ವೃಕ್ಷೋದ್ಯಾನದ ರೇಡರ್ ಎಂಬ ಪಂಡಿತನು ಚಳಿಗಾಲದ ಉಷ್ಣತೆಯನ್ನು ಆಧರಿಸಿ ಉತ್ತರ ಅಮೆರಿಕವನ್ನು 8 ವಲಯಗಳಾಗಿ ವಿಭಾಗಿಸಿದನು. 1960ರಲ್ಲಿ ಅಲ್ಲಿಯ ಸರಕಾರದ ಕೃಷಿ ಇಲಾಖೆಯು ಅಂತಹುದೇ ಭೂಪಟವನ್ನು ಪ್ರಕಟಿಸಿತು. ಬ್ರಿಟಿಷರ ಪಟ್ಟಿಗಳಲ್ಲಿ ಗಿಡದ ಸಹಿಷ್ಣುತೆಯನ್ನು ಅಕ್ಷರಗಳಿಂದ ಸೂಚಿಸುವ ಪದ್ಧತಿ ಬಂದಿತು. ಇವು ಉಪಯುಕ್ತವಾದುವೇ, ಆದರೆ ಚಳಿಯೊಂದನ್ನೇ ಅಳೆಯುವ ವಲಯವು ಬೇಸಗೆಯ ಸೆಕೆ, ಮಣ್ಣಿನ ಸುಣ್ಣ, ಗಾಳಿಯ ತೇವ, ತಡವಾಗಿ ಬರುವ ಹಿಮ ಇವುಗಳನ್ನು ಹೇಳಲಾರದು. ವಲಯದ ಅಂಕೆಯನ್ನು ನೋಡಿ ಗಿಡವನ್ನು ಕೊಳ್ಳುವುದು ಜಾತಕದ ಒಂದೇ ಮನೆಯನ್ನು ನೋಡಿ ಫಲವನ್ನು ಹೇಳಿದಂತೆ.

6. ಅತಿಯಾದ ಆನುಗುಣ್ಯ

ಇದುವರೆಗೆ ಹೇಳಿದುದೆಲ್ಲವೂ ಗಿಡವು ಬದುಕದಿರುವ ಭಯವನ್ನು ಕುರಿತುದು. ಬದುಕುವುದರಲ್ಲಿಯೂ ಭಯವುಂಟೆಂಬುದನ್ನು ಪೊಂಟಿಕಮ್ಮು ತೋರಿಸಿಕೊಟ್ಟಿತು.

ಐರ್ಲೆಂಡಿನ ಕಿಲಾರ್ನಿಯ ಓಕ್ ಮರದ ಕಾಡುಗಳು, ವೇಲ್ಸಿನ ಸ್ನೋಡೋನಿಯಾ ಬೆಟ್ಟಗಳು, ಸ್ಕಾಟ್ಲೆಂಡಿನ ಪಶ್ಚಿಮತೀರ—ಇವುಗಳಲ್ಲಿ ಪೊಂಟಿಕಮ್ಮು ತೋಟದ ಬೇಲಿಯನ್ನು ದಾಟಿ ಕಾಡಿನೊಳಕ್ಕೆ ಹಬ್ಬಿತು. ಅದರ ಬೀಜವು ಧೂಳಿನಂತೆ ಸಣ್ಣದು, ಅಸಂಖ್ಯವಾದುದು. ಗಾಳಿಯಲ್ಲಿ ತೇಲಿ ತೇವದ ಪಾಚಿಯ ಮೇಲೆ ಬಿದ್ದು ಮೊಳೆಯುತ್ತದೆ. ಅದರ ದಟ್ಟವಾದ ನೆರಳಿನ ಕೆಳಗೆ ಓಕಿನ ಸಸಿಯೂ ಬೇರೆ ಗಿಡವೂ ತಲೆಯೆತ್ತಲಾರವು. ಮುದಿಮರಗಳು ನಿಂತಿರುತ್ತವೆ, ಮಕ್ಕಳಿಲ್ಲ. ಕಾಡು ನಿಂತಲ್ಲೇ ನಿರ್ವಂಶವಾಗುತ್ತದೆ. ಕಡಿದರೆ ಬುಡದಿಂದ ಚಿಗುರುತ್ತದೆ. ಕಸಿಮಾಡಿದ ಗಿಡಗಳಲ್ಲಿ ಆರೈಕೆ ತಪ್ಪಿದೊಡನೆ ಬುಡದ ಪೊಂಟಿಕಮ್ಮೇ ಚಿಗುರಿ ಮೇಲಿನ ಕೊಂಬೆಯನ್ನು ನುಂಗಿಬಿಡುತ್ತದೆ.

ಕುರಿಗಳಾದರೂ ಮೇಯಬಾರದೇ ಎಂದರೆ, ಎಲೆಯಲ್ಲಿ ವಿಷವಿದೆ. ಈ ವಿಷದ ಖ್ಯಾತಿಯು ಪ್ರಾಚೀನವಾದುದು. ಗ್ರೀಕರ ಚರಿತ್ರಕಾರನಾದ ಜೆನೊಫೋನನು ಕ್ರಿ. ಪೂ. 401ರಲ್ಲಿ ಹೊರಟ ದಂಡಯಾತ್ರೆಯನ್ನು ವರ್ಣಿಸುವ ಅನಾಬಸಿಸ್ ಎಂಬ ಗ್ರಂಥದಲ್ಲಿ, ಕೃಷ್ಣಸಮುದ್ರದ ತೀರದಲ್ಲಿ ಜೇನನ್ನು ತಿಂದ ಸೈನಿಕರು ಮತ್ತರಂತೆ ನೆಲಕ್ಕೊರಗಿ, ಕೆಲವು ದಿನಗಳ ಮೇಲೆ ಎಚ್ಚತ್ತರೆಂದು ಬರೆದಿರುವನು. ಆ ಪ್ರದೇಶದಲ್ಲಿ ಬೆಳೆಯುವ ರೋಡೋಡೆಂಡ್ರಾನುಗಳ ಮಕರಂದವೇ ಅದಕ್ಕೆ ಕಾರಣವೆಂದು ವಿದ್ವಾಂಸರು ನಿರ್ಣಯಿಸಿರುವರು. ಯೋಧರನ್ನು ಉರುಳಿಸಿದ ಆ ಗುಣವೇ ಬ್ರಿಟನ್ನಿನಲ್ಲಿ ಗಿಡಕ್ಕೆ ಕವಚವಾಯಿತು. ಗಿಡದ ಗುಣಗಳಲ್ಲಿ ನಮಗೆ ಬೇಕಾದುದನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಹುಟ್ಟೂರಿನಲ್ಲಿಯೇ ಬಿಟ್ಟುಬರುವುದು ಅಸಾಧ್ಯ.

ಮಿಲ್ನ್ ಮತ್ತು ಅಬಟ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪರಿಶೀಲನೆಯು ಈ ಚರಿತ್ರೆಗೆ ಇನ್ನೊಂದು ಅಧ್ಯಾಯವನ್ನು ಸೇರಿಸಿದೆ. ಬ್ರಿಟಿಷ್ ದ್ವೀಪಗಳಲ್ಲಿ ಕಾಡುಬಿದ್ದ 260 ಪೊಂಟಿಕಂ ಮಾದರಿಗಳ ವಂಶಸೂತ್ರಗಳನ್ನು ಅವರು ಪರೀಕ್ಷಿಸಿದಾಗ, ಶೇಕಡ 89ರಷ್ಟು ಸ್ಪೇನಿನ ಮೂಲದವೆಂದೂ ಶೇಕಡ 10ರಷ್ಟು ಪೋರ್ಚುಗಲಿನ ಮೂಲದವೆಂದೂ ತಿಳಿದುಬಂದಿತು. ಅಲ್ಲದೆ ಅನೇಕ ಗಿಡಗಳಲ್ಲಿ ಅಮೆರಿಕದ ಕಟಾಬಿಯೆನ್ಸಿನ ಅಂಶವು ಬೆರೆತಿದ್ದಿತು; ಆ ಬೆರಕೆಯು ಹೆಚ್ಚಾಗಿ ಕಂಡುದು ಬ್ರಿಟನ್ನಿನಲ್ಲಿ ಅತಿಶೀತವಾದ ಪೂರ್ವ ಸ್ಕಾಟ್ಲೆಂಡಿನಲ್ಲಿ. ಎಂದರೆ ತೋಟಗಾರರು ಚಳಿಯನ್ನು ಸಹಿಸಲೆಂದು ಬೆಸೆದ ಗುಣವೇ, ಸ್ಪೇನಿನ ಬೆಚ್ಚನೆಯ ನೆಲದ ಗಿಡವು ಚಳಿಯ ಬೆಟ್ಟಗಳನ್ನು ಆಕ್ರಮಿಸುವುದಕ್ಕೆ ಸಹಾಯವಾಯಿತೆಂದು ಊಹಿಸಲು ಆಧಾರವುಂಟಾಯಿತು. ಇದಕ್ಕೆ ಮತ್ತೊಂದು ಕೇಡೂ ಸೇರಿತು: 2002ರಿಂದ ಬ್ರಿಟನ್ನಿನಲ್ಲಿ ಕಂಡುಬಂದ ರಾಮೋರಂ ಎಂಬ ಫೈಟಾಫ್ತೋರ ರೋಗಕ್ಕೆ ಈ ಪೊದೆಗಳು ಆಶ್ರಯವಾಗಿ, 2009ರಿಂದ ಲಾರ್ಚ್ ಮರಗಳೂ ಆ ರೋಗಕ್ಕೆ ತುತ್ತಾದವು.

ಇಲ್ಲಿ ಒಂದು ಪೂರ್ವಪಕ್ಷವನ್ನು ಪರಿಹರಿಸಬೇಕು. ಐರ್ಲೆಂಡಿನ ಗಾರ್ಟ್ ಎಂಬಲ್ಲಿ, ಹಿಮಯುಗಗಳ ನಡುವಣ ಬೆಚ್ಚನೆಯ ಕಾಲದ ನಿಕ್ಷೇಪಗಳಲ್ಲಿ ಪೊಂಟಿಕಮ್ಮಿನ ಅವಶೇಷಗಳು ದೊರೆತಿವೆ. ಹಾಗಿದ್ದಲ್ಲಿ ಗಿಡವು ತನ್ನ ಹಳೆಯ ಮನೆಗೇ ಮರಳಿತಲ್ಲದೆ ಅನ್ಯರ ಮನೆಗೆ ನುಗ್ಗಲಿಲ್ಲವಲ್ಲ ಎಂದು ಕೇಳಬಹುದು. ಆದರೆ ನೆಲವು ಅದೇ ಆದರೂ ನೆರೆಯು ಅದಲ್ಲ. ಲಕ್ಷಾಂತರ ವರ್ಷಗಳ ಅಂತರದಲ್ಲಿ ಆ ಕಾಡಿನ ಗಿಡ, ಪ್ರಾಣಿ, ಮನುಷ್ಯ ಎಲ್ಲವೂ ಬದಲಾಗಿವೆ. ಮರಳಿ ಬಂದುದೂ ಅದೇ ಗಿಡವಲ್ಲ, ಅಮೆರಿಕದ ರಕ್ತವನ್ನು ಕೂಡಿಸಿಕೊಂಡ ಸಂಕರ. ದೇಶವೆಂದರೆ ಮಣ್ಣು ಮತ್ತು ಮಳೆ ಮಾತ್ರವಲ್ಲ, ಸಹವಾಸವೂ ಹೌದು.

7. ನೀಲಗಿರಿಯ ನಿದರ್ಶನ

ಈ ವಿಚಾರವು ಕನ್ನಡನಾಡಿಗೆ ದೂರವಾದುದೆಂದು ತಿಳಿಯಬಾರದು. ಹಿಮಾಲಯದ ಆರ್ಬೋರಿಯಮ್ಮಿನ ಒಂದು ಉಪಜಾತಿಯು, ಗಢವಾಳಕ್ಕೆ 2,000 ಕಿಲೋಮೀಟರಿಗೂ ಮಿಗಿಲಾಗಿ ದೂರದಲ್ಲಿ, ಕನ್ನಡನಾಡಿನ ದಕ್ಷಿಣದ ಅಂಚಿಗೆ ತಾಗಿದ ನೀಲಗಿರಿಯ ಮೇಲೂ ಆನೆಮಲೆ, ಪಳನಿ ಬೆಟ್ಟಗಳ ಮೇಲೂ ಬೆಳೆಯುತ್ತದೆ. 1830ರ ದಶಕದಲ್ಲಿ ಜರ್ಮನಿಯ ಝೆಂಕರ್ ಎಂಬ ಪಂಡಿತನು ಇದನ್ನು ನೀಲಗಿರಿಯ ಹೆಸರಿನಿಂದಲೇ ಶಾಸ್ತ್ರಕ್ಕೆ ಸೇರಿಸಿದನು. ಕನ್ನಡಕ್ಕೆ ಅತ್ಯಂತ ನಿಕಟವಾದ ನುಡಿಯನ್ನಾಡುವ ಬಡಗರ ನೆಲೆಯೂ ಆ ಬೆಟ್ಟವೇ. ಅಲ್ಲಿಯ ಶಿಖರಕ್ಕೆ ದೊಡ್ಡಬೆಟ್ಟವೆಂಬ ಹೆಸರು ಇಂದಿಗೂ ನಿಂತಿದೆ. ಶೋಲೆಯೆಂಬ ದಟ್ಟಕಾಡಿನ ಮರಗಳಲ್ಲಿ ಬಹುಪಾಲು ಹುಲ್ಲುಗಾವಲಿನ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳನ್ನು ಸಹಿಸಲಾರವು. ಆದರೆ ಈ ಮರವು ಕಾಡಿನ ಅಂಚನ್ನು ದಾಟಿ ಹುಲ್ಲಿನ ನಡುವೆ ಒಂಟಿಯಾಗಿ ನಿಲ್ಲಬಲ್ಲದು. ಇದಕ್ಕಿಂತ ಆ ದೇಶಕ್ಕೆ ತಕ್ಕ ಗಿಡವನ್ನು ಯಾರೂ ಆರಿಸಿ ತರಬೇಕಾಗಿರಲಿಲ್ಲ; ಅದು ಅಲ್ಲಿಯೇ ಇದ್ದಿತು.

ಆದರೂ ತಂದರು. ಹೂಕರನು ಡಾರ್ಜಿಲಿಂಗನ್ನು ಸೇರಿದ 1848ನೆಯ ಇಸವಿಯಲ್ಲಿಯೇ ಉದಕಮಂಡಲದ ಸಸ್ಯೋದ್ಯಾನಕ್ಕೆ ಮ್ಯಾಕ್‌ಐವರ್ ಎಂಬವನು ಮೇಲ್ವಿಚಾರಕನಾಗಿ ಬಂದನು. ಆ ಶತಮಾನದಲ್ಲಿ ಆಸ್ಟ್ರೇಲಿಯದ ವ್ಯಾಟಲ್ ಮತ್ತು ನೀಲಗಿರಿ ಮರಗಳು, ಯೂರೋಪಿನ ಹಳದಿಹೂವಿನ ಗಾರ್ಸ್ ಮತ್ತು ಬ್ರೂಮ್ ಪೊದೆಗಳು ಆ ಬೆಟ್ಟಕ್ಕೆ ಬಂದವು. ಸೌದೆಗೆ, ಚರ್ಮ ಹದಮಾಡುವ ತೊಗಟೆಗೆ, ಬೇಲಿಗೆ, ತಾಯ್ನಾಡಿನ ನೆನಪಿಗೆ—ಒಂದೊಂದನ್ನೂ ಒಂದೊಂದು ಪ್ರಯೋಜನಕ್ಕಾಗಿ ಆರಿಸಿದರು. ಎಲ್ಲವೂ ಬೆಟ್ಟದ ಹವೆಗೆ ಹೊಂದಿದವು. ಪೊಂಟಿಕಮ್ಮು ಕಿಲಾರ್ನಿಯಲ್ಲಿ ಮಾಡಿದುದನ್ನೇ ವ್ಯಾಟಲು ನೀಲಗಿರಿಯ ಹುಲ್ಲುಗಾವಲಿನಲ್ಲಿ ಮಾಡಿತು. ಯುಕ್ಕಲಿಪ್ಟಸ್ ಮರಕ್ಕೆ ಕನ್ನಡದಲ್ಲಿ ನೀಲಗಿರಿಯೆಂಬ ಹೆಸರೇ ರೂಢವಾಗಿರುವುದು ಗಮನಾರ್ಹ: ಬೆಟ್ಟದ ಹೆಸರು ಬಂದ ಗಿಡಕ್ಕೆ ಸಂದಿತು, ಬೆಟ್ಟದಲ್ಲಿಯೇ ಹುಟ್ಟಿದ ಕೆಂಪುಹೂವಿನ ಮರದ ಪರಿಚಯವು ಬಯಲುನಾಡಿನ ಕನ್ನಡಿಗರಲ್ಲಿ ವಿರಳವಾಗಿ ಉಳಿಯಿತು.

8. ಉಪಸಂಹಾರ

ಮೇಲಣ ವೃತ್ತಾಂತದಿಂದ ಸಸ್ಯವರಣಕ್ಕೆ ನಾಲ್ಕು ಪ್ರಶ್ನೆಗಳು ಸಿದ್ಧವಾಗುತ್ತವೆ. ಬೀಜವು ಯಾವ ದೇಶದ್ದು ಮಾತ್ರವಲ್ಲ, ಯಾವ ಎತ್ತರದ ಯಾವ ನೆಲೆಯದು? ನಡುಚಳಿಗಾಲದ ಚಳಿಯೊಂದೇ ಅಲ್ಲದೆ ಬೇಸಗೆಯ ಸೆಕೆ, ತೇವ, ಮಣ್ಣು ಇವು ಹೊಂದುವುವೇ? ಗಿಡವು ಚಿಗುರುವ, ಹೂಬಿಡುವ ಕಾಲವು ಇಲ್ಲಿಯ ಋತುವಿಗೆ ಸರಿಬೀಳುವುದೇ? ಅದು ಚೆನ್ನಾಗಿ ಬೆಳೆದುದೇ ಆದರೆ, ಎಲ್ಲಿಗೆ ನಿಲ್ಲುವುದು? ಮೊದಲನೆಯ ಮೂರು ಪ್ರಶ್ನೆಗಳನ್ನು ತೋಟಗಾರರು ಗಿಡಗಳ ಸಾವಿನಿಂದ ಕಲಿತರು. ನಾಲ್ಕನೆಯದನ್ನು ಕೇಳಿದವರು ಬಹುಕಾಲದವರೆಗೆ ಇರಲಿಲ್ಲ. ಅದಕ್ಕೆ ಕಾಡುಗಳು ಬೆಲೆಯನ್ನು ತೆತ್ತವು.

ಪ್ರಾಚೀನರು ಜಾಂಗಲಾದಿ ವಿಭಾಗಗಳನ್ನು ಮಾಡಿದಾಗ ಎತ್ತರದ ಅಡಿಗಳನ್ನಾಗಲಿ ಶೈತ್ಯದ ಡಿಗ್ರಿಗಳನ್ನಾಗಲಿ ಎಣಿಸಲಿಲ್ಲ. ಆದರೆ ಚರಕನು ದೇಶವನ್ನು ವರ್ಣಿಸುವಾಗ ಮರಗಳೊಡನೆ ಅಲ್ಲಿಯ ಗಾಳಿ, ನೀರು, ಮೃಗಪಕ್ಷಿಗಳು, ಮನುಷ್ಯರ ದೇಹಸ್ಥಿತಿ ಇವೆಲ್ಲವನ್ನೂ ಕೂಡಿಸಿ ಹೇಳುತ್ತಾನೆ. ಒಂದನ್ನು ಇನ್ನೊಂದರಿಂದ ಬಿಡಿಸಿದರೆ ದೇಶವೆಂಬುದೇ ಉಳಿಯದೆಂಬ ಭಾವವು ಅದರಲ್ಲಿ ಅಡಗಿದೆ. ಅಳತೆಯ ವಿಷಯದಲ್ಲಿ ನವೀನರು ಪ್ರಾಚೀನರಿಗಿಂತ ಬಹುದೂರ ಮುಂದುವರಿದಿರುವುದರಲ್ಲಿ ಸಂದೇಹವಿಲ್ಲ. ಆ ಅಳತೆಗಳನ್ನು ಈ ಸಮಗ್ರಭಾವದೊಡನೆ ಕೂಡಿಸಿಕೊಂಡಾಗಲೇ ವರಣವು ಸಾರ್ಥಕವಾಗುವುದು.